ಅಡುಗೆಮನೆಯ ಕಸದಿಂದ ಹೈಡ್ರೋಪೋನಿಕ್ಸ್ ಸೊಪ್ಪು: ಅನುಭವ ತಿಳಿಸಿ

ಮಡಿಕೇರಿಯಿಂದ ಪ್ರಶ್ನೆ: ತಾರಸಿಯಲ್ಲಿ ಪೈಪು ಕೂರಿಸಿ, ಮಣ್ಣಿಲ್ಲದೆ ಬರೀ ಪೋಷಕಾಂಶದ ನೀರಿನಲ್ಲಿ (ಹೈಡ್ರೋಪೋನಿಕ್ಸ್) ಪಾಲಕ್, ಲೆಟ್ಯೂಸ್ ಬೆಳೆಯುತ್ತಿದ್ದೇನೆ. ಅಂಗಡಿಯ ಪೋಷಕಾಂಶದ ಪುಡಿ ಬಿಟ್ಟು ತರಕಾರಿ ಸಿಪ್ಪೆ, ಮೀನಿನ ತ್ಯಾಜ್ಯ, ತೋಟದ ಕಾಫಿ ಸಿಪ್ಪೆ ಬಳಸಬಹುದೇ?

ಗೋಣಿಕೊಪ್ಪದಿಂದ: ಬಳಸಬಹುದು ಅಕ್ಕ, ಆದರೆ ಕೊಳೆಸಿದ ರಸವನ್ನು ನೇರವಾಗಿ ಪೈಪಿಗೆ ಬಿಡಬೇಡಿ. ಅದರಲ್ಲಿರುವ ಸಾರಜನಕ ಮೊದಲು ಅಮೋನಿಯ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗಬೇಕು. ಮಣ್ಣಿನಲ್ಲಾದರೆ ಬ್ಯಾಕ್ಟೀರಿಯಾಗಳೇ ಈ ಕೆಲಸ ಮುಗಿಸುತ್ತವೆ. ಬರೀ ನೀರಿನಲ್ಲಿ ಅವುಗಳಿಗೆ ನೆಲೆಯಿಲ್ಲ. ಅಮೋನಿಯ ಹೆಚ್ಚಾದರೆ ಬೇರು ಕಂದುಗಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ. ಜಪಾನಿನ ಸಂಶೋಧಕ ಮಕೋಟೊ ಶಿನೋಹಾರ ತೋರಿಸಿಕೊಟ್ಟ ದಾರಿಯೆಂದರೆ ಹಾಲಿಗೆ ಹೆಪ್ಪು ಹಾಕಿದಂತೆ ನೀರಿಗೂ ಕಾಂಪೋಸ್ಟ್ ಹಾಕಿ, ಸಾವಯವ ರಸವನ್ನು ದಿನವೂ ಸ್ವಲ್ಪ ಸ್ವಲ್ಪವೇ ಸೇರಿಸುವುದು. ನಾನು ಪ್ರತ್ಯೇಕ ಡ್ರಮ್ಮಿನಲ್ಲಿ ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತೇನೆ. ಅಕ್ವೇರಿಯಂ ಪಂಪು ಹಗಲು ರಾತ್ರಿ ಗಾಳಿ ಊದುತ್ತಿರಬೇಕು. ಅಕ್ವೇರಿಯಂ ಅಂಗಡಿಯಲ್ಲೇ ಸಿಗುವ ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಇಳಿದು ನೈಟ್ರೇಟ್ ಕಾಣಿಸಿದ ಮೇಲೆಯೇ, ಸೋಸಿ, ಗಿಡಕ್ಕೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆಯೆಂದು ತೋರಿಸುವ ಇಸಿ ಮೀಟರೊಂದನ್ನೇ ನಂಬಬೇಡಿ. ಇನ್ನೂ ಒಡೆಯದ ಸಾರಜನಕ ಅದರ ಕಣ್ಣಿಗೆ ಬೀಳುವುದಿಲ್ಲ.

ಸೋಮವಾರಪೇಟೆಯಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ನಮ್ಮ ಆಷಾಢವನ್ನು ಮರೆತಿದ್ದಾರೆ! ಆ ಬ್ಯಾಕ್ಟೀರಿಯಾಗಳಿಗೆ 25ರಿಂದ 30 ಡಿಗ್ರಿ ಹಿತ. ಮಳೆಗಾಲದ ಥಂಡಿಯಲ್ಲಿ ಎಲ್ಲವೂ ನಿಧಾನ. ಮರ ಬಿದ್ದು ಕರೆಂಟು ಹೋದರಂತೂ ಗಾಳಿಯಿಲ್ಲದೆ ಡ್ರಮ್ಮು ನಾರುತ್ತದೆ, ಪೈಪಿನಲ್ಲಿ ನೀರು ಹರಿಯದೆ ಬೇರು ಒಣಗುತ್ತದೆ. ಪೈಪಿಗಿಂತ ಆಳದ ತೊಟ್ಟಿಯೇ ನಮಗೆ ವಾಸಿ. ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾಗಳನ್ನು ಬೇಸಿಗೆಯಲ್ಲೇ ಬೆಳೆಸಿ ಪಳಗಿಸಿಡಿ.

ಕಾಫಿ ಸಿಪ್ಪೆಯಲ್ಲಿ ಪೊಟ್ಯಾಷ್ ಧಾರಾಳ. ಆದರೆ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವುದು) ಆದ ತಕ್ಷಣದ ಹಸಿ ಸಿಪ್ಪೆಯಲ್ಲಿ ಕೆಫೀನ್, ಟ್ಯಾನಿನ್ ಇರುತ್ತವೆ. ರಾಶಿ ಹಾಕಿ ಪೂರ್ತಿ ಕಾಂಪೋಸ್ಟ್ ಆಗಲು ಬಿಡಿ. ನೈಟ್ರೇಟ್ ಆಗುತ್ತಾ ಹೋದಂತೆ ನೀರು ಹುಳಿಯಾಗುತ್ತದೆ, ಅದಕ್ಕೆ ಮೊಟ್ಟೆ ಚಿಪ್ಪಿನ ಪುಡಿ ಸಾಕು, ಸುಣ್ಣದ ಅಂಶವೂ ಸಿಕ್ಕಿತು. ಚಿಪ್ಪು ಕರಗಿಸಲು ಹುಳಿ ಬೇಕೆಂದು ಕೊಡಗಿನ ಹುಳಿರಸ ಕಾಚಂಪುಳಿಗೆ ಕೈ ಹಾಕಬೇಡಿ, ಅದು ಪಂದಿಕರಿಗೇ ಇರಲಿ. ನೀರಿನ ಪಿಎಚ್ (ಹುಳಿಯ ಅಳತೆ) 6ರ ಆಸುಪಾಸಿನಲ್ಲಿದ್ದರೆ ಸೊಪ್ಪಿಗೆ ಚೆನ್ನ.

ವಿರಾಜಪೇಟೆಯಿಂದ: ಒಂದೇ ಮಾತು. ಲೆಟ್ಯೂಸ್ ಹಸಿಯಾಗಿ ತಿನ್ನುವ ಸೊಪ್ಪು. ಹಸಿ ಸಗಣಿ, ಹಂದಿ ಗೊಬ್ಬರದ ನೀರು ಆ ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಗೋಣಿಕೊಪ್ಪದಿಂದ ಮತ್ತೆ: ಹೊಸ ಚಿಗುರು ಮಾತ್ರ ಹಳದಿಯಾಗಿ ನರಗಳು ಹಸಿರಾಗಿಯೇ ಉಳಿದರೆ ಅದು ಕಬ್ಬಿಣದ ಕೊರತೆ. ಸಿಪ್ಪೆಯ ರಸದಿಂದ ಅದು ತುಂಬುವುದು ಕಷ್ಟ; ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರುವ ರೂಪದ್ದು) ಅಂಗಡಿಯಿಂದಲೇ ತನ್ನಿ.