ತಮ್ಮನ ಬಾಯಿಗೆ ಎರಡು ಬೆರಳೂ ಹೋಗ್ತಿಲ್ಲ, ಮ್ಯಾಕ್ಸಿಲೋಫೇಶಿಯಲ್ ಡಾಕ್ಟರ್ ಎಲ್ಲಿ ಸಿಗ್ತಾರೆ?

ತೋಟದಮನೆ ಅಕ್ಕ:
ನಮ್ಮದು ಚನ್ನಗಿರಿ ಹತ್ರ ಒಂದು ಹಳ್ಳಿ. ತಮ್ಮನಿಗೆ 31 ವರ್ಷ, ಲಾರಿ ಓಡಿಸ್ತಾನೆ. ರಾತ್ರಿ ನಿದ್ದೆ ಬರಬಾರದು ಅಂತ ಅಡಿಕೆ-ತಂಬಾಕು ಹಾಕ್ಕೊಳ್ಳೋಕೆ ಶುರು ಮಾಡಿದ್ದು, ಈಗ ದಿನಕ್ಕೆ ಹತ್ತು ಹನ್ನೆರಡು ಪ್ಯಾಕೆಟ್ ಆಗಿದೆ. ಒಂದು ವರ್ಷದಿಂದ ಸಾರು ಬಾಯಿಗಿಟ್ರೆ ಉರಿ ಉರಿ ಅಂತಿದ್ದ. ನಾನು ಮೆಣಸಿನಕಾಯಿ ಕಮ್ಮಿ ಮಾಡಿ ಸುಮ್ಮನಾದೆ. ಈಗ ಮುದ್ದೆ ತುತ್ತು ಹಲ್ಲು ದಾಟಲ್ಲ. ರೊಟ್ಟಿ ಚೂರನ್ನ ಸಾರಲ್ಲಿ ನೆನೆಸಿ ಬೆರಳಲ್ಲಿ ಒಳಗೆ ತಳ್ಕೋತಾನೆ. ಮೊನ್ನೆ ನನ್ನ ಮಗನ ಹುಟ್ಟುಹಬ್ಬಕ್ಕೆ ಬಲೂನ್ ಊದೋಕೆ ಹೋದ, ಗಲ್ಲ ಉಬ್ಬಲೇ ಇಲ್ಲ. ಮಕ್ಕಳೆಲ್ಲ ನಕ್ಕರು, ಅವನೂ ನಕ್ಕ. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ಕೂತಿದ್ದ.

ಊರಿನ ಹಲ್ಲಿನ ಡಾಕ್ಟ್ರು ಟಾರ್ಚ್ ಹಾಕಿ ನೋಡಿ, "ಇದು ನನ್ನ ಕೈಲಾಗೋದಲ್ಲಮ್ಮ, ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಹತ್ರ ತೋರ್ಸಿ" ಅಂದ್ರು. ಚೀಟಿಯಲ್ಲಿ ಓ.ಎಸ್.ಎಂ.ಎಫ್. ಅಂತ ಬರೆದಿದ್ದಾರೆ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಾಯೊಳಗಿನ ಪದರ ಗಟ್ಟಿಯಾಗಿ ಬಿಗಿಯೋ ಕಾಯಿಲೆಯಂತೆ. ಈ ಡಾಕ್ಟ್ರು ಹಲ್ಲಿನವರಾ, ಕಿವಿ-ಮೂಗಿನವರಾ? ಬೆಂಗಳೂರಿಗೇ ಹೋಗ್ಬೇಕಾ? ಗೊತ್ತಿದ್ದೋರು ಹೇಳಿ.

ನಿವೃತ್ತ ಮೇಷ್ಟ್ರು:
ಮೊದಲು ಇ.ಎನ್.ಟಿ.ಯವರಿಗೆ ತೋರಿಸಿ ತಾಯಿ. ಬಾಯಿ, ಗಂಟಲು ಎಲ್ಲ ಅವರದ್ದೇ. ಹಲ್ಲಿನವರು ಹಲ್ಲು ಕೀಳ್ತಾರೆ ಅಷ್ಟೇ.

ರಾಣೆಬೆನ್ನೂರು ಮೆಕ್ಯಾನಿಕ್:
ಮೇಷ್ಟ್ರ, ತಪ್ಪು ತಿಳೀಬ್ಯಾಡ್ರಿ, ಹಂಗಲ್ಲ ಅದು. ತಂಗೀ, ನಾನೂ ಇದ್ರಾಗ ಬಿದ್ದು ಎದ್ದು ಬಂದಾಂವ. ಹೆಸರು ಬ್ಯಾಡ, ಒಂದ್ ಕಡೆ ವರ್ಷಗಟ್ಟಲೆ ಬಿ ಕಾಂಪ್ಲೆಕ್ಸ್ ಗುಳಿಗಿ ನುಂಗಿಸಿದ್ರು, ಇನ್ನೊಂದ್ ಕಡೆ ಹಲ್ಲು ಕ್ಲೀನ್ ಮಾಡಿ ರೊಕ್ಕ ಇಸ್ಕೊಂಡು ಕಳಿಸಿದ್ರು. ಬಾಯಿ ಮಾತ್ರ ದಿನಾ ಒಂದೊಂದು ನಟ್ ಬಿಗಿದಂಗ ಬಿಗಿಯಾಕತ್ತಿತ್ತು.

ಬೋರ್ಡ್ ಓದೋದು ಹೆಂಗ ಅಂತ ಹೇಳ್ತೀನಿ. ಬರೇ ಎಂ.ಡಿ.ಎಸ್. (ಹಲ್ಲಿನ ಡಾಕ್ಟ್ರ ದೊಡ್ಡ ಡಿಗ್ರಿ) ಅಂತ ಇದ್ರ ಸಾಲಂಗಿಲ್ಲ. ಹಲ್ಲಿಗೆ ತಂತಿ ಕಟ್ಟೋರೂ ಎಂ.ಡಿ.ಎಸ್., ವಸಡು ನೋಡೋರೂ ಎಂ.ಡಿ.ಎಸ್. ಅದರ ಜೋಡಿ "ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ" ಅಂತ ಇರಬೇಕು. ಅವರು ಹಲ್ಲಿನ ಮೊದಲ ಡಿಗ್ರಿ, ಐದು ವರ್ಷದ ಬಿ.ಡಿ.ಎಸ್. ಮುಗಿಸಿ, ಮ್ಯಾಲೆ ಮೂರು ವರ್ಷ ದವಡಿ, ಮಾರಿ ಎಲುಬು, ಬಾಯಿ ಆಪರೇಷನ್ನೇ ಕಲಿತೋರು. ಅನುಮಾನ ಬಂದ್ರ ಡೆಂಟಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳ್ರಿ. ಕೇಳಾಕ ನಾಚಿಕಿ ಯಾಕ, ಬಾಯಿ ನಮ್ದು.

ಬೆಂಗಳೂರು ಯಾಕ? ನಿಮಗ ದಾವಣಗೆರಿ ಬಾಜೂಕ ಐತಿ, ಅಲ್ಲಿ ಎರಡು ಡೆಂಟಲ್ ಕಾಲೇಜ್ ಅದಾವು, ಬಾಪೂಜಿ ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇನ್ನೊಂದು. ನಮ್ಮ ಕಡೆಯವ್ರು ಧಾರವಾಡದ ಸತ್ತೂರಿನ ಎಸ್.ಡಿ.ಎಂ. ಡೆಂಟಲ್ ಕಾಲೇಜಿಗೂ ಹೋಗ್ತಾರ. ಬೆಂಗಳೂರಿಗೇ ಹೋಗೋದಾದ್ರ ವಿಕ್ಟೋರಿಯಾ ಆಸ್ಪತ್ರಿ ಹತ್ರ ಸರ್ಕಾರಿ ಡೆಂಟಲ್ ಕಾಲೇಜ್ ಐತಿ. ಕಾಲೇಜಿನಾಗ ಕಲಿಯೋ ಹುಡುಗ್ರು ಮುಟ್ಟತಾರ ಅಂತ ಅಂಜಬ್ಯಾಡ್ರಿ. ದೊಡ್ಡವರು ಹಿಂದ ನಿಂತಿರ್ತಾರ, ಹುಡುಗ್ರಿಗೆ ತಾಳ್ಮಿ ಜಾಸ್ತಿ.

ನನ್ನ ಬಾಯಿ ಮೊದ್ಲ ಸಲ ವರ್ನಿಯರ್ ಕ್ಯಾಲಿಪರ್ ಹಾಕಿ ಅಳೆದ್ರು. ನಾ ಪಿಸ್ಟನ್ ಪಿನ್ ಅಳೆಯೋ ಸಾಮಾನು! ಮ್ಯಾಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ 16 ಮಿಲಿಮೀಟರ್. ಸರಿ ಇದ್ದೋರಿಗೆ 35ರಿಂದ 50 ಬರಬೇಕಂತ. ಗಲ್ಲದ ಒಳಗ ಬೆಳ್ಳಗ, ಹಗ್ಗದಂಗ ಪಟ್ಟಿ ಬೆಳೆದಿದ್ವು. ಆ ಪಟ್ಟಿ ಕೊಯ್ದು, ಗಲ್ಲದಾಗಿನ ಕೊಬ್ಬನ್ನೇ ಎಳೆದು ಗಾಯ ಮುಚ್ಚಿದ್ರು. ಬುದ್ಧಿಹಲ್ಲು ನಾಲ್ಕೂ ಕಿತ್ತರು. ಆಪರೇಷನ್ ಟೇಬಲ್ ಮ್ಯಾಲೆ ಅಳತಿ 38 ಬಂದಿತ್ತು.

ಒಂದ್ ಮಾತು ಮರೀಬ್ಯಾಡ್ರಿ. ಆಪರೇಷನ್ ಅಂದ್ರ ಅರಿವಳಿಕಿ ಕೊಡೋವಾಗ ಉಸಿರಿನ ನಳಿಗಿ ಇಳಿಸಬೇಕು. ನಮ್ಮಂಥವರ ಬಾಯೇ ತೆಗಿಯಂಗಿಲ್ಲ, ಹೆಂಗ ಇಳಿಸ್ತಾರ? ಕ್ಯಾಮೆರಾ ಇರೋ ಸಪೂರ ನಳಿಗಿ ಮೂಗಿನಾಗಿಂದ ಹಾಕಬೇಕಾಗ್ತದ. ಅದರ ರೂಢಿ ಇರೋ ಅರಿವಳಿಕಿ ಡಾಕ್ಟ್ರು ಆ ಆಸ್ಪತ್ರ್ಯಾಗ ಅದಾರೇನು ಅಂತ ಮೊದ್ಲ ಕೇಳ್ರಿ. ಸರ್ಜನ್ ಹೆಸರು ಕೇಳೋದು ಆಮ್ಯಾಲೆ.

ಇನ್ನ ನನ್ನ ತಪ್ಪು ಹೇಳ್ತೀನಿ. ದಿನಾ ಐಸ್‌ಕ್ರೀಮ್ ಕಡ್ಡಿ ಒಂದರ ಮ್ಯಾಲೊಂದು ಇಟ್ಟು ಹಲ್ಲಿನ ನಡುವ ತುರುಕಿ ಬಾಯಿ ಹಿಗ್ಗಿಸ್ರಿ, ಆರು ತಿಂಗಳಾದ್ರೂ ಬಿಡಬ್ಯಾಡ್ರಿ ಅಂದಿದ್ರು. ಎರಡು ತಿಂಗಳು ಮಾಡಿದೆ. ಆಮ್ಯಾಲೆ ಗ್ಯಾರೇಜ್ ಗದ್ದಲದಾಗ ಬಿಟ್ಟೆ. 38 ಇದ್ದದ್ದು 24ಕ್ಕ ಬಂತು. ಡಾಕ್ಟ್ರು ಬೈಲಿಲ್ಲ, ವರ್ನಿಯರ್ ನನ್ನ ಕೈಗೇ ಕೊಟ್ಟು "ನೀವಾ ಓದ್ರಿ" ಅಂದ್ರು. ಬೈದಿದ್ರ ಚಲೋ ಇತ್ತು. ಮತ್ತ ಶುರು ಮಾಡಿ ಈಗ 33ಕ್ಕ ನಿಂತೈತಿ.

ತೋಟದಮನೆ ಅಕ್ಕ:
ಅಣ್ಣಾ, ಓದಿ ಕಣ್ಣು ತುಂಬಿತು. ಆಪರೇಷನ್ ಅಂದ್ರೆ ಇವನು ಲಾರಿ ಹತ್ತಿ ಓಡಿಹೋಗ್ತಾನೆ. ಬರೀ ಮಾತ್ರೆ, ಇಂಜೆಕ್ಷನ್‌ನಲ್ಲಿ ಆಗಲ್ವಾ? ಇನ್ನೊಂದು, ತಂಬಾಕು ಬಿಟ್ಟು ಬರೀ ಅಡಿಕೆ ಹಾಕ್ಕೋತೀನಿ ಅಂತಾನೆ. ಅಪ್ಪನೂ "ಅಡಿಕೆಯಿಂದ ಏನಾಗುತ್ತೆ, ನಮ್ಮಜ್ಜ ತಿಂದಿಲ್ವಾ" ಅಂತಾರೆ. ತೋಟದ ದುಡ್ಡಲ್ಲೇ ಮನೆ ನಡೆಯೋದು, ಎದುರು ಮಾತಾಡೋಕೆ ಆಗಲ್ಲ.

ಹಲ್ಲಿನ ಹುಡುಗ:
ಅಕ್ಕ, ನಾನು ಡೆಂಟಲ್ ಓದ್ತಿದ್ದೀನಿ, ನನ್ನ ಅಜ್ಜನ ಮನೆಯೂ ಅಡಿಕೆ ತೋಟದ್ದೇ. ಆದ್ರೂ ಹೇಳ್ತೀನಿ, ಈ ಕಾಯಿಲೆಗೆ ಮೂಲವೇ ಅಡಿಕೆ, ಅದರೊಳಗಿನ ಅರೆಕೋಲಿನ್ ಅನ್ನೋ ರಾಸಾಯನಿಕ. ತಂಬಾಕು ಬಿಟ್ಟು ಅಡಿಕೆ ಉಳಿಸಿಕೊಂಡ್ರೆ ಬಾಯಿ ಬಿಗಿಯೋದು ನಿಲ್ಲಲ್ಲ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು, ತಗೊಂಡೋರು ಅಂಗೈಲಿ ಬೆರೆಸ್ಕೋತಾರೆ.

ಕಾಲೇಜಿಗೆ ಹೋದಾಗ ನೇರ ಸರ್ಜರಿಗೆ ಹೋಗ್ಬೇಡಿ, ಮೊದಲು ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಅಳತೆ ತಗೊಂಡು, ಬೇಕಾದ್ರೆ ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಶುರುವಿನ ಹಂತದಲ್ಲಿದ್ರೆ ಗಲ್ಲದೊಳಗೆ ಸ್ಟೀರಾಯ್ಡ್ ಇಂಜೆಕ್ಷನ್, ಲೈಕೋಪಿನ್ ಮಾತ್ರೆ, ಕಡ್ಡಿ ವ್ಯಾಯಾಮ. ತೀರಾ ಬಿಗಿದಿದ್ರೆ ಸರ್ಜರಿ ಮಾತು ಬರುತ್ತೆ. ಬಾಯಲ್ಲಿ ಬಿಳಿ, ಕೆಂಪು ಮಚ್ಚೆ ಇದ್ರೆ, ಎರಡು ವಾರಕ್ಕೂ ಒಣಗದ ಹುಣ್ಣಿದ್ರೆ ಅದನ್ನ ಮೊದಲೇ ಹೇಳಿ, ಸಂಕೋಚ ಬೇಡ. ಬಿ.ಪಿ.ಎಲ್. ಕಾರ್ಡ್ ತಗೊಂಡು ಹೋಗಿ, ಯಾವುದಕ್ಕೆ ಅನ್ವಯ ಆಗುತ್ತೆ ಅಂತ ಅಲ್ಲೇ ಕೌಂಟರ್‌ನಲ್ಲಿ ಕೇಳಿ.

ನಿವೃತ್ತ ಮೇಷ್ಟ್ರು:
ನನ್ನ ಮಾತು ವಾಪಸ್ ತಗೊಂಡೆ. ನನ್ನ ಎಲೆ ಅಡಿಕೆ ಸಂಚಿ ನೋಡ್ಕೊಂಡು ಕೂತಿದ್ದೀನಿ.

ತೋಟದಮನೆ ಅಕ್ಕ:
ಸೋಮವಾರ ದಾವಣಗೆರೆಗೆ ಹೋಗಿ ಬಂದ್ವಿ. ಬರಲ್ಲ ಅಂತಿದ್ದ, ಬಲೂನ್ ಪ್ಯಾಕೆಟ್ ತೋರಿಸಿದೆ, ಮಾತಾಡದೆ ಚಪ್ಪಲಿ ಹಾಕ್ಕೊಂಡ. 19 ಮಿಲಿಮೀಟರ್ ಬಂತು. ಬಯಾಪ್ಸಿಗೆ ಕಳಿಸಿದ್ದಾರೆ, ರಿಪೋರ್ಟ್ ಬರ್ಬೇಕು. ಸದ್ಯಕ್ಕೆ ವಾರಕ್ಕೊಂದು ಇಂಜೆಕ್ಷನ್, ಆಪರೇಷನ್ ಬೇಕೋ ಬೇಡವೋ ಆಮೇಲೆ ನೋಡೋಣ ಅಂದ್ರು. ಅರಿವಳಿಕೆ ಬಗ್ಗೆ ಮೆಕ್ಯಾನಿಕ್ ಅಣ್ಣ ಹೇಳಿದ್ದನ್ನ ಕೇಳಿದೆ. ಡಾಕ್ಟ್ರು ಹುಬ್ಬೇರಿಸಿ "ಯಾರಮ್ಮ ಹೇಳಿಕೊಟ್ಟಿದ್ದು" ಅಂದ್ರು.

ಅಪ್ಪ ಏನೂ ಅನ್ನಲಿಲ್ಲ. ಸಂಜೆ ಅಂಗಡಿಗೆ ಹೋಗಿ ಐಸ್‌ಕ್ರೀಮ್ ಕಡ್ಡಿ ಕಟ್ಟು ತಂದು ಜಗಲಿ ಮೇಲಿಟ್ರು. ಇವತ್ತು ಒಂಬತ್ತು ಕಡ್ಡಿ ಹೋಯ್ತು, ಹತ್ತನೇದು ಹೋಗ್ಲಿಲ್ಲ.