ಕ್ಯೋಟೋದ ಕೋರ್ಯೊ ಮ್ಯೂಸಿಯಂಗೆ ಅರ್ಧ ದಿನ ಕೊಡಬಹುದಾ?

ಶನಿವಾರದ ಸವಾರ: ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಒಸಾಕಾಗೆ ಹೋಗುತ್ತಿದ್ದೇನೆ. ಶನಿವಾರ ಒಂದೇ ಬಿಡುವು. ಕ್ಯೋಟೋದ ದೇವಸ್ಥಾನಗಳೆಲ್ಲ ಹೋದ ಸಲವೇ ಆದವು. ಅಲ್ಲಿ ಕೊರಿಯಾ ಕಲೆಗೆ ಅಂತಲೇ ಒಂದು ಸಣ್ಣ ಮ್ಯೂಸಿಯಂ ಇದೆಯಂತೆ. ಜಪಾನಿಗೆ ಹೋಗಿ ಕೊರಿಯಾದ ಮಡಕೆ ನೋಡುತ್ತೀಯಾ ಅಂತ ಜೊತೆಯವರು ನಗುತ್ತಿದ್ದಾರೆ. ಯಾರಾದರೂ ಹೋಗಿದ್ದೀರಾ?

ತಿಗರಿ: ನಾನು ಎರಡು ಸಲ ಹೋಗಿದ್ದೇನೆ. ಅದು ಜಪಾನಿನಲ್ಲಿ ಯಾಕಿದೆ ಅನ್ನೋದೇ ಕಥೆ. ಕಟ್ಟಿದವರು ಜಂಗ್ ಜೋ ಮುನ್. ಕೊರಿಯಾದಲ್ಲಿ 1918ರಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಜಪಾನಿಗೆ ಬಂದವರು. ಆಮೇಲೆ ಪಚಿಂಕೊ ಜೂಜಿನ ಅಂಗಡಿ ನಡೆಸಿದರು. ಒಂದು ದಿನ ಕ್ಯೋಟೋದ ಸಾಂಜೊ ಬೀದಿಯ ಹಳೇ ಸಾಮಾನಿನ ಅಂಗಡಿಯಲ್ಲಿ ದುಂಡನೆಯ ಬಿಳಿ ಜಾಡಿ ಕಣ್ಣಿಗೆ ಬಿತ್ತು. ಕಂತಿನಲ್ಲಿ ಕೊಂಡರು! ಅಲ್ಲಿಂದ ಶುರುವಾದದ್ದು ಸುಮಾರು 1,700 ವಸ್ತುಗಳಾದವು. ದೇಶ ಒಂದಾಗುವ ತನಕ ಊರಿಗೆ ಕಾಲಿಡಲ್ಲ ಅಂತ ಕೂತರು. 1988ರಲ್ಲಿ ತಮ್ಮ ಮನೆಯ ಜಾಗದಲ್ಲೇ ಮ್ಯೂಸಿಯಂ ತೆರೆದರು, ಮರುವರ್ಷ ತೀರಿಕೊಂಡರು. ಹೆಸರಿಗೂ ಕೊರಿಯಾವನ್ನು ಒಂದಾಗಿ ಆಳಿದ ಹಳೇ ರಾಜ್ಯ ಕೋರ್ಯೊದ್ದನ್ನೇ ಆರಿಸಿದರು.

ನಾನು ಭಾನುವಾರ ಮಣ್ಣು ಕಲಸುವವಳು, ಹಾಗಾಗಿ ಕೆಲಸದ ಮಾತು ಎರಡು. ಕೋರ್ಯೊ ನಂತರ ಬಂದ ಚೋಸನ್ ರಾಜವಂಶದ ಕಾಲದ ದೊಡ್ಡ ದುಂಡು ಜಾಡಿಗಳನ್ನು ಒಂದೇ ಸಲಕ್ಕೆ ಮಾಡುತ್ತಿರಲಿಲ್ಲ. ಎರಡು ಬೋಗುಣಿ ಮಾಡಿ ಬಾಯಿಗೆ ಬಾಯಿ ಕೂಡಿಸುತ್ತಿದ್ದರು. ಸೊಂಟದಲ್ಲಿ ಸಣ್ಣ ಸೊಟ್ಟ ಇದ್ದೇ ಇರುತ್ತದೆ. ಕೋರ್ಯೊ ಕಾಲದ ಹಸಿರು ಪಾತ್ರೆಗಳ ಮೇಲಿನ ಕೊಕ್ಕರೆ, ಮೋಡಗಳು ಬಣ್ಣ ಬಳಿದದ್ದಲ್ಲ. ಅರೆ ಒಣಗಿದ ಮಣ್ಣನ್ನು ಕೆತ್ತಿ, ಗೀರಿಗೆ ಬೇರೆ ಮಣ್ಣು ತುಂಬಿ, ಹೆಚ್ಚಾದದ್ದನ್ನು ಹೆರೆದು ತೆಗೆದದ್ದು. ನಾನು ಒಂದು ತಟ್ಟೆಯಲ್ಲಿ ಪ್ರಯತ್ನಿಸಿದೆ. ಒಣಗುವಾಗಲೇ ತುಂಬಿದ ಮಣ್ಣೆಲ್ಲ ಉದುರಿತು, ಬಿಡಿ.

ನಕಾನೊಶಿಮಾ: ಒಸಾಕಾದಲ್ಲೇ ಇರ್ತೀರಲ್ವಾ? ಅಲ್ಲಿನ ಪೌರ್ವಾತ್ಯ ಪಿಂಗಾಣಿ ಮ್ಯೂಸಿಯಂ ಸಾಕು. ಅತಾಕಾ ಅನ್ನೋ ಕಂಪನಿ ಕೂಡಿಸಿದ ಸಂಗ್ರಹದ ಕೊರಿಯನ್ ಪಾತ್ರೆಗಳೇ ಸುಮಾರು 800. ಸುಮ್ನೆ ಬಸ್ಸು ಹಿಡಿಯೋದ್ಯಾಕೆ?

ತಿಗರಿ: ಪಾತ್ರೆ ಅಲ್ಲೇ ಜಾಸ್ತಿ, ಒಪ್ಪಿದೆ. ಆದರೆ ಅದು ಕಂಪನಿಯೊಂದರ ಸಂಗ್ರಹ. ಕ್ಯೋಟೋದಲ್ಲಿ ಗೇಟು ದಾಟಿದರೆ ಅಂಗಳದ ತುಂಬಾ ಕೊರಿಯಾದ ಕಲ್ಲಿನ ಮೂರ್ತಿಗಳು ನಿಂತಿವೆ, ಮನೆಯವರು ಕರೆದ ಹಾಗೆ. ಪ್ರದರ್ಶನ ಬದಲಾಯಿಸುವಾಗ ಬಾಗಿಲು ಹಾಕಿರುತ್ತಾರೆ, ದಿನ ನೋಡಿಕೊಂಡು ಹೊರಡಿ.

ಶನಿವಾರದ ಸವಾರ: ಕಂತಿನ ಜಾಡಿಗೇ ನನ್ನ ವೋಟು. ನನ್ನ ಬೈಕಿನದು ಇನ್ನೂ ಹನ್ನೊಂದು ಕಂತು ಬಾಕಿ ಇದೆ.