ಸಹಾಯ ಬೇಕು: ಮಾಯಾ ಬುಗುರಿ ಕಥೆಗೆ 9–12 ವರ್ಷದ ಓದುಗರು (ಧಾರವಾಡ, ಹುಬ್ಬಳ್ಳಿ)

ನಮಸ್ಕಾರರೀ. ಸಾಧನಕೇರಿಯ ಕೆರೆ ದಂಡೆಯಲ್ಲಿ ನಡೆಯುವ ಮಕ್ಕಳ ಮಾಯಾಕಥೆಯ 4, 5ನೇ ಅಧ್ಯಾಯ ಕೂಡಿಬರುತ್ತಿಲ್ಲ. ನೀಲಿ ಎಂಬ ಹುಡುಗಿ ಬುಗುರಿ ಆಡಿಸಿದರೆ ಮಳೆ ನಿಲ್ಲುತ್ತದೆ, ಆದರೆ ಪ್ರತಿ ಸಲ ಅವಳಿಗೆ ಬರುತ್ತಿದ್ದ ಒಂದು ಹಾಡು ಮರೆತುಹೋಗುತ್ತದೆ. ಗೆಳತಿ ಚಂಪಾ ಮಾತ್ರ, "ಆಡಸದಿದ್ರ ನಿನ್ನ ಜೋಡಿ ಠೂ" ಅಂತ ಮತ್ತೆ ಮತ್ತೆ ಆಡಿಸುತ್ತಾಳೆ.

ಚಂಪಾ ಮೊದಲ ಪುಟದಿಂದಲೇ ಕೆಟ್ಟವಳಾದರೆ, "ಮತ್ತ್ ಈಕಿ ಜೋಡಿ ಯಾಕ ಇರ್ತಾಳ?" ಅಂತ ಮಕ್ಕಳೇ ಕೇಳುತ್ತಾರೆ. ಅದಕ್ಕೇ 3ನೇ ಅಧ್ಯಾಯದವರೆಗೆ ಅವಳು ನಿಜಕ್ಕೂ ನಗಿಸಬೇಕು, ತನ್ನ ಫೇಡೆಯಲ್ಲಿ ಅರ್ಧ ಮುರಿದು ಕೊಡಬೇಕು. ಯಾರೋ ಅವಳಿಗೆ ಮಂತ್ರ ಹಾಕಿದ್ದಾರೆ ಎಂದರೆ ತಪ್ಪೆಲ್ಲ ಮಂತ್ರದ್ದಾಗುತ್ತದೆ. ಬುಗುರಿಯೇ ಅವಳನ್ನು ಸರಿಮಾಡಿದರೆ ಇನ್ನೂ ಸುಳ್ಳು. ನೀಲಿ ಬಾಯಿಬಿಟ್ಟು "ಒಲ್ಲೆ" ಅನ್ನಬೇಕು (ನಮ್ಮ ಕಡೆಯ ಈ ಮಾತಿನ ಗಟ್ಟಿತನ "ಬೇಡ"ಕ್ಕೆ ಎಲ್ಲಿಯದು!).

ಆರು ಮಕ್ಕಳು, ಜೋರಾಗಿ ಓದಿ ಹೇಳಲು ಒಬ್ಬ ಅಕ್ಕೋರು ಅಥವಾ ಸರ್ ಬೇಕು. ಅಧ್ಯಾಯಕ್ಕೆ ಸುಮಾರು ಹತ್ತು ನಿಮಿಷ. ನಡುವೆ ಅರ್ಥ ವಿವರಿಸಬೇಡಿ. ಪ್ರತಿ ಮಗುವಿನ ಕೈಯಲ್ಲೂ ಪ್ರತಿ ಇರಲಿ. "ಈಕಿನ್ನ ಬಿಟ್ಟುಬಿಡಬೇಕು" ಅಂತ ಮೊದಲು ಅನಿಸಿದ ಸಾಲಿನ ಪಕ್ಕ ಪೆನ್ಸಿಲ್ ಗೆರೆ ಹಾಕಿಸಿ, ಸಾಕು. ಗೆರೆ 3ನೇ ಅಧ್ಯಾಯಕ್ಕಿಂತ ಮೊದಲೇ ಬಿದ್ದರೆ ಚಂಪಾಳನ್ನು ತಿದ್ದುತ್ತೇವೆ. 6 ದಾಟಿದರೆ ಹಾಡು ಮರೆಯುವ ನಷ್ಟ ಮಕ್ಕಳಿಗೆ ತಟ್ಟಿಲ್ಲ ಅಂತಲೇ.

ಇಲ್ಲೇ ಮೆಸೇಜ್ ಮಾಡ್ರಿ, ಪ್ರಿಂಟ್ ತಲುಪಿಸುತ್ತೇವೆ.